ಗಾಲಿಗೂಡಿಗೆ ಬಳಿದ ಎಣ್ಣೆಗಳು

ನಮ್ಮ ಮಾವನವರು ಒಂದೇ ಒಂದು ಸಲ ನನ್ನ ಕಾರಿನಲ್ಲಿ ಕೂರಬೇಕು ಎನ್ನುವ ಹಟ ನನಗೆ ಬಹಳ ವರ್ಷ ಇತ್ತು. ಆಸೆ ಎಂದು ಬರೆದರೆ ಸೌಮ್ಯವಾಗಿ ಕಾಣುತ್ತದೆ, ಆದರೆ ಅದು ಹಟವೇ. ತವರಿನಲ್ಲಿ ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹೆಸರಿತ್ತು. ಗಂಡನ ಮನೆಗೆ ಬಂದ ಮೇಲೂ ಅದು ಮೂಗು ಬಿಟ್ಟು ಬೇರೆಲ್ಲಿಗೂ ಹೋಗಲಿಲ್ಲ. ಈಗ ಆ ಕಾರನ್ನು ನೆನೆದರೆ ಅದರ ಎಂಜಿನ್ನಾಗಲಿ ಸೀಟಾಗಲಿ ಕಣ್ಣಿಗೆ ಬರುವುದಿಲ್ಲ. ಚಕ್ರಗಳ ಮೇಲೆ ಬಾಗಿಕೊಂಡಿರುವ, ಯಾರೂ ಬಗ್ಗಿ ನೋಡದ ಆ ಕತ್ತಲೆ ಜಾಗಗಳು ಬರುತ್ತವೆ. ಮೆಕ್ಯಾನಿಕ್‌ಗಳು ಅದನ್ನು ಮಡ್‌ಗಾರ್ಡ್ ಒಳಗಡೆ ಎನ್ನುತ್ತಿದ್ದರು. ನಮ್ಮ ಮಾವ ಗಾಲಿಗೂಡು ಎಂದರು. ನಮ್ಮ ಮನೆಯಲ್ಲಿ ಆ ಹೆಸರೇ ನಿಂತುಹೋಯಿತು.

ನನ್ನ ಗಂಡನ ಮನೆ ಅಮೃತೂರಿನ ಹತ್ತಿರ, ತೆಂಗಿನ ತೋಟದ ಅಂಚಿನಲ್ಲಿ. ಮಾವ, ಅತ್ತೆ, ಭಾವನವರ ಸಂಸಾರ, ಎಲ್ಲ ಅಲ್ಲೇ. ನಾನು ಮದುವೆಯಾಗಿ ಹೋದದ್ದು ತೊಂಬತ್ತರ ದಶಕದ ಶುರುವಿನಲ್ಲಿ. ಆ ಮನೆಯಲ್ಲಿ ಸೊಸೆ ಮಾವನ ಎದುರಿಗೆ ಕೂರುವ ಹಾಗಿರಲಿಲ್ಲ. ಹಾಗೆಂದು ಯಾರೂ ನನಗೆ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಓರಗಿತ್ತಿ ಅವಸರವಸರವಾಗಿ ಎದ್ದು ನಿಂತಳು, ನಾನೂ ನಿಂತೆ, ಅಷ್ಟೇ. ಅವರು ಹಜಾರಕ್ಕೆ ಕಾಲಿಟ್ಟರೆ ನಾನು ಸೊಪ್ಪು ಸೋಸುತ್ತಿರಲಿ, ಮಗುವಿಗೆ ಹಾಲು ಕುಡಿಸುತ್ತಿರಲಿ, ಕಾಲು ತಾನಾಗಿಯೇ ಎದ್ದುಬಿಡುತ್ತಿತ್ತು. ನೇರ ಮಾತೂ ಇರಲಿಲ್ಲ. ಏನಾದರೂ ಬೇಕಿದ್ದರೆ ಅತ್ತೆಯ ಮೂಲಕ ಹೇಳುತ್ತಿದ್ದರು. ಮಗಳು ಹುಟ್ಟಿದ ಮೇಲೆ ಅವಳ ಮೂಲಕ. ಇಬ್ಬರೂ ಹತ್ತಿರ ಇಲ್ಲದಿದ್ದರೆ ಹಜಾರದ ಕಂಬಕ್ಕೆ ಹೇಳುತ್ತಿದ್ದರು. 'ನೀರು ಬೇಕಾಗಿತ್ತಲ್ಲ' ಎಂದು ಕಂಬವನ್ನು ನೋಡಿಕೊಂಡು ಹೇಳಿದರೆ ನಾನು ತಂಬಿಗೆ ತಂದಿಟ್ಟು ಸರಿದುಹೋಗಬೇಕು. ಒಳ್ಳೆಯ ಮನುಷ್ಯ. ದನಿ ಎತ್ತಿದವರಲ್ಲ, ಅಡುಗೆಗೆ ಹೆಸರಿಟ್ಟವರಲ್ಲ. ಆದರೂ ಅಷ್ಟು ವರ್ಷದಲ್ಲಿ ನನಗಿಂತ ಆ ಕಂಬಕ್ಕೇ ಅವರ ಪರಿಚಯ ಹೆಚ್ಚಾಗಿತ್ತು.

ನಾವು ಇದ್ದದ್ದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು, ನನ್ನ ಗಂಡನಿಗೆ ಗುಬ್ಬಿಯಲ್ಲಿ ಆಫೀಸು. ಅವರು ದಿನಾ ರೈಲಿನಲ್ಲಿ ಹೋಗಿ ಬರುತ್ತಿದ್ದರು. ನನ್ನನ್ನು ಸಿ.ಎಸ್. ಪುರಕ್ಕೆ ವರ್ಗ ಮಾಡಿದಾಗ ಫಜೀತಿ ಶುರುವಾಯಿತು. ಬಸ್ಸು ಬದಲಾಯಿಸಿ ಬದಲಾಯಿಸಿ, ಒಂದು ತಪ್ಪಿದರೆ ಇನ್ನೊಂದಕ್ಕೆ ಕಾದು, ಪ್ರಾರ್ಥನೆ ಮುಗಿದ ಮೇಲೆ ಹೋಗಿ ನಿಲ್ಲುವುದು ನನ್ನ ಸ್ವಭಾವಕ್ಕೆ ಒಗ್ಗಲಿಲ್ಲ. ಹಾಗಾಗಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂತು, ಬಿಳಿ ಬಣ್ಣದ್ದು, ಪುಟ್ಟದು. ಕಲಿಯಲು ಇಬ್ಬರೂ ಹೋದೆವು. ಕಲಿತವಳು ನಾನೊಬ್ಬಳೇ. ಕ್ಲಚ್ಚೆಂದರೆ ನನ್ನ ಗಂಡನಿಗೆ ಜ್ವರ ಬರುತ್ತಿತ್ತು. ಆಮೇಲೆ ಅವರು ಪಕ್ಕದಲ್ಲಿ ಕೂತು ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಾ ಬರುವುದಕ್ಕೆ ಒಗ್ಗಿಕೊಂಡರು.

ಕಾರು ತೆಗೆದುಕೊಂಡು ಮೊದಲ ಸಲ ಊರಿಗೆ ಹೋದಾಗ ಅತ್ತೆ ನಿಂಬೆಹಣ್ಣು ಇಟ್ಟು, ಆರತಿ ಎತ್ತಿ, ಮೊದಲ ಸವಾರಿ ತಮ್ಮದೇ ಎಂದು ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ಮಾವ ಸುತ್ತ ಒಂದು ಬಾರಿ ನಡೆದು, ಎತ್ತು ಕೊಳ್ಳುವಾಗ ನೋಡುವ ಹಾಗೆ ನೋಡಿ, ತಲೆಯಾಡಿಸಿ ತೋಟಕ್ಕೆ ಹೋದರು. ಮಾರನೆಯ ವಾರ ತುಮಕೂರಿನ ಛತ್ರದಲ್ಲಿ ನೆಂಟರ ಮದುವೆ. ಮನೆಯವರನ್ನು ಕರೆದೊಯ್ಯಲು ಊರಿಗೆ ಹೋಗಿ, ನಾನು ಕಾರಿನ ಬಾಗಿಲು ತೆಗೆದು ನಿಂತೆ. ಅವರು ನನ್ನ ಮಗಳ ತಲೆ ಸವರಿ, ನಿಮ್ಮಮ್ಮನಿಗೆ ಹೇಳು, ನನಗೆ ಬಸ್ಸೇ ಅನುಕೂಲ ಅಂತ, ಎಂದರು. ಹೆಗಲ ಮೇಲೆ ಟವಲ್ ಹಾಕಿಕೊಂಡು ಬಸ್ ನಿಲ್ಲುವ ಕಡೆಗೆ ನಡೆದೇಬಿಟ್ಟರು. ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ, ಇವತ್ತಲ್ಲದಿದ್ದರೆ ನಾಳೆ ಕೂರ್ತಾರೆ ಬಿಡು, ಎಂದು ಅತ್ತೆ ಸಮಾಧಾನ ಮಾಡಿದರು.

ನಾಳೆ ಬರಲಿಲ್ಲ. ತುಮಕೂರಿನಲ್ಲಿ ಕಣ್ಣಿನ ಆಪರೇಷನ್ ಆದ ದಿನವೂ ಬರಲಿಲ್ಲ. ಆಸ್ಪತ್ರೆಯ ಬಾಗಿಲಿಗೆ ಕಾರು ತಂದು, ಹಿಂದಿನ ಸೀಟಿಗೆ ದಿಂಬು ಹಾಕಿ, ರಜೆ ಬರೆದು ಕಾದಿದ್ದೆ. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು, ಭಾವನವರ ತೋಳು ಹಿಡಿದು ಹೊರಗೆ ಬಂದವರು ಕಾರಿನ ಮುಂದೆಯೇ ಹಾದು ಆಟೋ ಹತ್ತಿ ಬಸ್‌ಸ್ಟ್ಯಾಂಡಿಗೆ ಹೋದರು. ನನಗೆ ಬಂದ ಸಿಟ್ಟಿಗೆ ಸ್ಟೇರಿಂಗನ್ನು ಗುದ್ದಿದೆ, ಅದು ಹಾರ್ನ್ ಹೊಡೆದು, ಅಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೆಂಗಸು ಓಡಿಸುವ ಗಾಡಿಯಲ್ಲಿ ಕೂತರೆ ಇವರ ಮೀಸೆ ಮಣ್ಣಾಗುತ್ತದೆಯೇ ಎಂದು ರಾತ್ರಿ ಊಟಕ್ಕೆ ಕೂತಾಗ ಗಂಡನ ಮೇಲೆ ಹರಿಹಾಯ್ದೆ. ಅವರು ಅನ್ನ ಕಲಸುತ್ತಾ, ಅಪ್ಪ ಯಾಕೆ ಹಾಗೆ ಮಾಡ್ತಾರೋ ನನಗೂ ಗೊತ್ತಿಲ್ಲ ಎಂದರು. ನಿಜಕ್ಕೂ ಗೊತ್ತಿರಲಿಲ್ಲ. ನನಗೆ ಮಾತ್ರ ಗೊತ್ತು ಎಂದುಕೊಂಡಿದ್ದೆ.

ಇಷ್ಟರ ಮಧ್ಯೆ ಕಾರಿಗೆ ತುಕ್ಕು ಹಿಡಿಯತೊಡಗಿತ್ತು. ಸಿ.ಎಸ್. ಪುರದ ದಾರಿಯಲ್ಲಿ ಮಳೆಗಾಲವೆಂದರೆ ಕೆಸರು, ಅಮೃತೂರಿನ ತೋಟದ ದಾರಿಯಲ್ಲಿ ಕೆಸರಿನ ಜೊತೆಗೆ ಸೆಗಣಿ. ಚಕ್ರ ಅದನ್ನೆಲ್ಲ ಎತ್ತಿ ಮೇಲಕ್ಕೆ ಎಸೆಯುತ್ತದೆ. ಅಲ್ಲಿ ಅಂಟಿಕೊಂಡದ್ದು ವಾರಗಟ್ಟಲೆ ಒಣಗದೆ ಕೂತಿರುತ್ತದೆ. ಮೆಕ್ಯಾನಿಕ್ ಬೆರಳಿನಿಂದ ತಟ್ಟಿ ತೋರಿಸಿದ್ದ. ಎಂಜಿನ್ ಹೋದರೆ ಮಾಡಿಸಬಹುದು ಮೇಡಂ, ಇಲ್ಲಿ ತಗಡು ತೂತಾದರೆ ಗಾಡಿ ಮುಗಿದ ಹಾಗೆ ಎಂದಿದ್ದ. ನಾನು ಮಕ್ಕಳಿಗೆ ಪ್ರತಿವರ್ಷ ತುಕ್ಕಿನ ಪಾಠ ಮಾಡುವವಳು. ಗಾಜಿನ ನಳಿಗೆಯಲ್ಲಿ ಮೊಳೆ ಹಾಕಿ, ಕುದಿಸಿ ಆರಿಸಿದ ನೀರು ಹೊಯ್ದು, ಮೇಲೆ ಒಂದು ಪದರ ಎಣ್ಣೆ ಬಿಟ್ಟರೆ ಗಾಳಿ ಹೋಗದೆ ಮೊಳೆ ಹೊಳೆಯುತ್ತಲೇ ಇರುತ್ತದೆ. ಅದನ್ನು ತೋರಿಸಿ ತೋರಿಸಿ ನನಗೇ ಬೇಸರ ಬಂದಿತ್ತು. ನನ್ನ ಸ್ವಂತ ಮೊಳೆ ಮನೆಮುಂದೆ ತುಕ್ಕು ಹಿಡಿಯುತ್ತಿದೆ ಎನ್ನುವುದು ಮಾತ್ರ ಹೊಳೆದಿರಲಿಲ್ಲ.

ಒಂದು ಆಷಾಢದ ಭಾನುವಾರ, ಅಮೃತೂರಿನ ಮನೆಯ ಮುಂದೆ, ಸೀರೆ ಎತ್ತಿ ಕಟ್ಟಿಕೊಂಡು ಕಳೆ ಕೀಳುವ ಕುರ್ಪಿ ಹಿಡಿದು ಮುಂದಿನ ಚಕ್ರದ ಮೇಲಿನ ಮಣ್ಣು ಕೆರೆಯುತ್ತಾ ಕೂತಿದ್ದೆ. ಮಾವ ಜಗುಲಿಯ ಮೇಲಿದ್ದರು. ನನ್ನ ಬೆನ್ನು ಆ ಕಡೆಗಿತ್ತು, ಹಾಗಾಗಿ ಏಳಲಿಲ್ಲ. ಒಬ್ಬರು ಕೆಲಸ ಮಾಡುತ್ತಿರುವಾಗ ನೋಡಿಕೊಂಡು ಕೂರುವುದು ಆ ಜೀವಕ್ಕೆ ಆಗುತ್ತಿರಲಿಲ್ಲವೆಂದು ತೋರುತ್ತದೆ. ಸ್ವಲ್ಪ ಹೊತ್ತಿಗೆ ಕಾರಿನ ಆ ಬದಿಯಲ್ಲೂ ಕೆರೆಯುವ ಸದ್ದು ಕೇಳಿತು. ನಾನು ಈ ಚಕ್ರದ ಹತ್ತಿರ, ಅವರು ಆ ಚಕ್ರದ ಹತ್ತಿರ, ನಡುವೆ ಇಡೀ ಕಾರು. ಅವರಿಗೆ ನಾನು ಕಾಣುವುದಿಲ್ಲ, ನನಗೆ ಅವರು ಕಾಣುವುದಿಲ್ಲ.

"ಇಲ್ಲಿ ಬಣ್ಣ ಎದ್ದೈತೆ ಕಣಮ್ಮ" ಎಂದಿತು ಆ ಕಡೆಯ ದನಿ. "ತಗಡು ಕಾಣ್ತದೆ."

ನಾನು ಮಗಳು ಎಲ್ಲಿದ್ದಾಳೆ ಎಂದು ಸುತ್ತ ನೋಡಿದೆ. ಅವಳು ಒಳಗೆ ಮಲಗಿದ್ದಳು. ಅತ್ತೆ ಹಿತ್ತಲಲ್ಲಿದ್ದರು, ಕಂಬ ಹಜಾರದಲ್ಲಿತ್ತು. ಮಾತು ನನಗೇ. ಗಂಟಲು ಸರಿಮಾಡಿಕೊಂಡು, ಹೂಂ ಮಾವಯ್ಯ, ಈ ಕಡೆಯೂ ಎದ್ದಿದೆ ಎಂದೆ. ಮದುವೆಯಾಗಿ ಅಷ್ಟು ವರ್ಷಕ್ಕೆ ನಾವಿಬ್ಬರೂ ಆಡಿದ ಮೊದಲ ಮಾತು ಅದು. ಅದೂ ನಾನು ಕೂತುಕೊಂಡು ಆಡಿದ್ದು.

ಅಲ್ಲಿಂದ ಶುರುವಾಯಿತು, ಗಾಲಿಗೂಡಿಗೆ ಏನು ಬಳಿದರೆ ಬಹಳ ದಿನ ನಿಲ್ಲುತ್ತದೆ ಎಂಬ ಹುಡುಕಾಟ. ಮೊದಲನೆಯದು ಮೆಕ್ಯಾನಿಕ್ ಕೊಟ್ಟ ಸುಟ್ಟ ಆಯಿಲ್. ಡಬ್ಬಿ ತುಂಬಾ ಪುಕ್ಕಟೆಯಾಗಿ ಕೊಟ್ಟ. ಡೀಸೆಲ್ ಬೆರೆಸಿ ಬಳಿದೆವು. ಕಪ್ಪಗೆ ಚೆನ್ನಾಗಿಯೇ ಕಂಡಿತು. ಬೆಳಿಗ್ಗೆ ಎದ್ದರೆ ಅತ್ತೆ ಸಾರಿಸಿ ರಂಗೋಲಿ ಬಿಡುವ ಜಾಗದಲ್ಲಿ ನಾಲ್ಕು ಕಪ್ಪು ಕೊಳ. ಅವತ್ತು ನಮ್ಮಿಬ್ಬರಿಗೂ ಒಟ್ಟಿಗೆ ಬೈಗುಳ ಬಿತ್ತು. ಮಾವನಿಗೆ ನೇರವಾಗಿ, ನನಗೆ ಮಾವನ ಮೂಲಕ. ಒಂದು ಒಳ್ಳೆಯ ಮಳೆಗೆ ಆ ಆಯಿಲೂ ಹೋಯಿತು, ಅಂಗಳದ ಕಲೆ ಮಾತ್ರ ಉಳಿಯಿತು.

ಆಮೇಲೆ ತುಮಕೂರಿನ ಅಂಗಡಿಯಿಂದ ನಾನೊಂದು ಬಾಟಲಿ ತಂದೆ. ಹಾಲಿನ ಹಾಗೆ ಬೆಳ್ಳಗಿತ್ತು, ಹೂವಿನ ವಾಸನೆ. ಸ್ಪಂಜಿನಲ್ಲಿ ಒರೆಸಿದರೆ ಗಾಲಿಗೂಡು ಮದುವೆಗೆ ಹೊರಟ ಹಾಗೆ ಮಿಂಚಿತು. ಮಾವ ಮೂಸಿ ನೋಡಿ, ತಲೆಗೆ ಹಚ್ಚಿಕೊಳ್ಳೋದನ್ನ ಗಾಡಿಗೆ ಹಚ್ಚಿದೀವಿ ಎಂದರು. ಮಾರನೆಯ ದಿನ ಮಳೆಯಲ್ಲಿ ಹೊರಟು ಹೆಬ್ಬೂರು ದಾಟುವ ಹೊತ್ತಿಗೆ ಅದರ ಗುರುತೂ ಇರಲಿಲ್ಲ. ಸಹೋದ್ಯೋಗಿಗಳು ನಕ್ಕರು. ಯಾರೂ ನೋಡದ ಜಾಗಕ್ಕೆ ಇವರೊಬ್ಬರು ಅಲಂಕಾರ ಮಾಡ್ತಾರೆ ಎಂದು. ನೋಡದ ಜಾಗವೇ ಮೊದಲು ಕೊಳೆಯುವುದು ಎಂದು ನಾನು ಉತ್ತರ ಕೊಟ್ಟೆ. ಕೊಟ್ಟ ಮೇಲೆ ಅದು ಕಾರಿನ ಬಗ್ಗೆ ಮಾತ್ರ ಹೇಳಿದ್ದಲ್ಲ ಅನಿಸಿತು.

ಮೂರನೆಯದಕ್ಕೆ ನಾವು ತೆಂಗಿನ ಸೀಮೆಯವರು ಮಾತ್ರ ಮಾಡಬಹುದಾದ ತಪ್ಪು ಮಾಡಿದೆವು. ನಮ್ಮ ಕಡೆ ಕೊಬ್ಬರಿ ಎಣ್ಣೆ ಆಗದ ಕಾಯಿಲೆಯಿಲ್ಲ. ಸುಟ್ಟ ಗಾಯಕ್ಕೆ, ಕಿರುಗುಟ್ಟುವ ಬಾಗಿಲಿಗೆ, ಹಸುವಿನ ಕೊಂಬಿಗೆ, ಎಲ್ಲಕ್ಕೂ ಅದೇ. ಮನೆಯಲ್ಲಿ ಮುಗ್ಗಲು ವಾಸನೆ ಬಂದ ಎಣ್ಣೆ ಒಂದು ಕ್ಯಾನ್ ಉಳಿದಿತ್ತು. ನಾನು ಬೇಡ ಎನ್ನಲಿಲ್ಲ, ಅವರಿಗೆ ಸಂಶಯ ಬರಲಿಲ್ಲ. ಚಳಿಗಾಲ ಅದು. ಸಂಜೆ ಮಿರಿಮಿರಿ ಮಿಂಚುತ್ತಿದ್ದ ಗಾಲಿಗೂಡು ಬೆಳಿಗ್ಗೆ ನೋಡಿದರೆ ಬೆಣ್ಣೆ ಬಳಿದ ಹಾಗೆ ಬೆಳ್ಳಗೆ ಗಡ್ಡೆಕಟ್ಟಿತ್ತು. ಅದರಲ್ಲಿ ಅಲ್ಲಲ್ಲಿ ಸಣ್ಣ ಹಲ್ಲಿನ ಗೀರುಗಳು. ಕಾರು ನಿಂತಿದ್ದದ್ದು ಹಳೆಯ ಗಾಡಿ ಕೊಟ್ಟಿಗೆಯಲ್ಲಿ, ಅದಕ್ಕೆ ಅಂಟಿಕೊಂಡೇ ಕೊಬ್ಬರಿ ಅಟ್ಟ. ಅಟ್ಟದ ಇಲಿಗಳೆಲ್ಲ ರಾತ್ರಿ ಇಳಿದುಬಂದು ಎಣ್ಣೆ ನೆಕ್ಕಿ, ನೆಕ್ಕುತ್ತಾ ನೆಕ್ಕುತ್ತಾ ವೈರಿನವರೆಗೂ ಹೋಗಿ ಅದನ್ನೂ ಕಡಿದಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಸೋಮವಾರ ಹಾರ್ನ್ ಇಲ್ಲದೆ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕುರಿಮಂದೆಗಳನ್ನು ಕೂಗಿ ಓಡಿಸಿಕೊಂಡು ಶಾಲೆ ಮುಟ್ಟಿದೆ. ಇಲಿಗಳಿಗೆ ದೀಪಾವಳಿ ಮಾಡಿಸಿದಿರಿ ಎಂದು ಅತ್ತೆ ವರ್ಷಗಟ್ಟಲೆ ಆಡಿಕೊಂಡರು.

ಆಗ ಮಾವ ತಮ್ಮ ಹಳೆಯ ವಿದ್ಯೆ ತೆಗೆದರು. ಎತ್ತಿನ ಗಾಡಿಯ ಅಚ್ಚಿಗೆ ಹಾಕುತ್ತಿದ್ದ ಕೀಲೆಣ್ಣೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ, ಬೆರಳಿಗೆ ಅಂಟುವ ಹದಕ್ಕೆ ತರುವುದು. ಎತ್ತು ಮಾರಿ ಆಗಲೇ ಕೆಲವು ವರ್ಷಗಳಾಗಿದ್ದವು, ಗಾಡಿ ಬಿಚ್ಚಿ ಹಾಕಿದ್ದರು, ಆದರೆ ಕೀಲೆಣ್ಣೆ ಇಡುವ ಬಿದಿರಿನ ಗೊಟ್ಟ ಇನ್ನೂ ಕೊಟ್ಟಿಗೆಯ ತೊಲೆಯಲ್ಲಿ ತೂಗುತ್ತಿತ್ತು. ಅದು ನಿಂತಿತು. ಮಳೆಗೆ ಹೋಗಲಿಲ್ಲ, ಇಲಿ ಮೂಸಲಿಲ್ಲ. ಆದರೆ ಅಂಟು ಅಂಟು. ದಾರಿಯ ಧೂಳೆಲ್ಲ ಹಿಡಿದಿಟ್ಟುಕೊಂಡು ಗೂಡು ದಿನದಿನಕ್ಕೆ ಚಿಕ್ಕದಾಗುತ್ತಾ ಬಂದು, ಒಂದು ದಿನ ಹಳ್ಳಕ್ಕೆ ಇಳಿದಾಗ ಟೈರಿಗೇ ಉಜ್ಜಿತು. ಅಚ್ಚಿನಲ್ಲಿ ಧೂಳು ಬೀಳುವುದಿಲ್ಲ ಮಾವಯ್ಯ, ಇದು ಬಾಯಿ ತೆರೆದ ಜಾಗ ಎಂದೆ. ಅವರು ಯೋಚನೆ ಮಾಡಿ ಒಪ್ಪಿದರು. ಹಾಗಾಗಿ ಊರಿಗೆ ಹೋದ ಭಾನುವಾರಗಳಲ್ಲೆಲ್ಲ ಹಳೆಯದನ್ನು ಕೆರೆದು ತೆಗೆಯುವುದು, ಹೊಸದನ್ನು ತೆಳ್ಳಗೆ ಬಳಿಯುವುದು ವಾಡಿಕೆಯಾಯಿತು.

ಆ ಭಾನುವಾರಗಳಲ್ಲಿ ಆಡಿದ ಮಾತುಗಳೇ ಬೇರೆ. ಒಳಗೆ ಹಜಾರದಲ್ಲಿ ಮತ್ತೆ ಅದೇ ಕಂಬ, ಅದೇ ಎದ್ದು ನಿಲ್ಲುವುದು. ಹೊರಗೆ ಕಾರಿನ ಆಚೀಚೆ ಕುಕ್ಕರುಗಾಲಿನಲ್ಲಿ ಕೂತರೆ ಮಾತಿಗೆ ಬಾಗಿಲು ತೆರೆಯುತ್ತಿತ್ತು. ಎತ್ತು ಕೊಟ್ಟ ದಿನ ತಾವು ಊಟ ಮಾಡಲಿಲ್ಲ ಎಂದು ಹೇಳಿದರು. ನಾನು ನನ್ನ ಅಪ್ಪ ಚಿಕ್ಕಂದಿನಲ್ಲೇ ಹೋದದ್ದು, ಅವರ ದನಿ ಹೇಗಿತ್ತು ಎನ್ನುವುದು ಮರೆತುಹೋಗಿರುವುದು, ಎಲ್ಲ ಹೇಳಿದೆ. ಎದುರಿಗೆ ಮುಖವಿದ್ದರೆ ಅದನ್ನು ಯಾವ ಜನ್ಮಕ್ಕೂ ಹೇಳುತ್ತಿರಲಿಲ್ಲ. ಒಂದು ದಿನ ಅವರು ಕೇಳಿದರು.

"ಆ ಸಿ.ಎಸ್. ಪುರದ ರಸ್ತೇಲಿ ಒಬ್ಳೇ ಹೋಗ್ತೀಯಲ್ಲ, ಭಯ ಆಗಕಿಲ್ವಾ?"

ಅಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಗಟ್ಟಿಗಿತ್ತಿ ಎಂದು ಹೊಗಳಿದವರಿದ್ದರು, ಗಂಡುಬೀರಿ ಎಂದು ಆಡಿಕೊಂಡವರಿದ್ದರು. ಭಯವಾಗುತ್ತದೆಯೇ ಎಂದು ಕೇಳಿದವರಿಲ್ಲ. ಆಗುತ್ತದೆ ಮಾವಯ್ಯ, ಸಂಜೆ ಮಳೆ ಬಂದರೆ ತುಂಬಾ ಆಗುತ್ತದೆ ಎಂದೆ. ನನ್ನ ಕಣ್ಣಲ್ಲಿ ನೀರು ಬಂತು.  ಇಷ್ಟೆಲ್ಲ ಕೇಳುವ ಮನುಷ್ಯ ನನ್ನ ಕಾರಿನಲ್ಲಿ ಮಾತ್ರ ಏಕೆ ಕೂರುವುದಿಲ್ಲ ಎಂದು ಕೇಳಬೇಕೆನಿಸಿತು. ಇಲ್ಲ ಎಂದುಬಿಟ್ಟರೆ ಆ ಭಾನುವಾರಗಳೂ ಕೆಡುತ್ತವೆ ಎಂದು ಕೇಳಲಿಲ್ಲ.

ಹೊಸ ಶತಮಾನ ಬಂದು ಕೆಲವು ವರ್ಷಗಳ ಮೇಲೆ, ತುಮಕೂರಿನಲ್ಲಿ ಕಾರಿನ ತಳಕ್ಕೆ ಕೋಟಿಂಗ್ ಮಾಡುವ ಅಂಗಡಿಯೊಂದು ಶುರುವಾಯಿತು. ಡಾಂಬರು, ರಬ್ಬರು ಬೆರೆಸಿದ ಕಪ್ಪು ಬಣ್ಣ. ಗನ್ನಿನಲ್ಲಿ ದಪ್ಪಗೆ ಹೊಡೆಯುತ್ತಾರೆ, ಒಣಗಿದರೆ ಆನೆ ಚರ್ಮ. ವರ್ಷಗಟ್ಟಲೆ ಈ ಕಡೆ ತಿರುಗಿ ನೋಡಬೇಕಾಗಿಲ್ಲ ಮೇಡಂ ಎಂದ ಅಂಗಡಿಯವನು. ನಾವು ಇಷ್ಟು ದಿನ ಹುಡುಕುತ್ತಿದ್ದದ್ದು ಅದೇ. ಆದರೂ ನೋಡಿ ಹೇಳುತ್ತೇನೆ ಎಂದು ಬಂದುಬಿಟ್ಟೆ. ಗಂಡನಿಗೆ ಆಶ್ಚರ್ಯ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡಳಂತೆ ಎಂದು ಕೆಣಕಿದರು. ಅವರಿಗೆ ಹೇಗೆ ಹೇಳಲಿ? ತಿರುಗಿ ನೋಡಬೇಕಾಗಿಲ್ಲ ಎಂದರೆ ಭಾನುವಾರ ಮಾವ ಜಗುಲಿಯ ಮೇಲೆ, ನಾನು ಅಡುಗೆಮನೆಯಲ್ಲಿ. ಮತ್ತೆ ಕಂಬದ ಮಾತು. ತಗಡಿಗೆ ಒಳ್ಳೆಯದಾಗುವುದು ನನಗೆ ಬೇಡವಾಗಿತ್ತು.

ಮುಂದಿನ ಸಲ ಊರಿಗೆ ಹೋದಾಗ ನನ್ನ ಗಂಡ ಊಟದ ಹೊತ್ತಿನಲ್ಲಿ ಅದನ್ನು ಹೇಳಿಯೇಬಿಟ್ಟರು. ಮಾವ ಅನ್ನದಿಂದ ತಲೆ ಎತ್ತದೆ, ಹಂಗಾದ್ರೆ ಬಳಿಸ್ಬುಡಿ ಎಂದರು. ಅಷ್ಟು ಸಲೀಸಾಗಿ. ನನಗೆ ಮೈಯೆಲ್ಲ ಉರಿಯಿತು. ಅವರಿಗೂ ಅದು ಬೇಸರದ ಕೆಲಸವೇ ಆಗಿತ್ತೇನೋ, ನಾನೇ ಏನೇನೋ ಅಂದುಕೊಂಡೆನೇನೋ ಎಂದು ಪಾತ್ರೆಗಳನ್ನು ಬೇಕಾದ್ದಕ್ಕಿಂತ ಜೋರಾಗಿ ತೊಳೆದೆ. ಮಧ್ಯಾಹ್ನ ಎಂದಿನಂತೆ ಕಾರಿನ ಆಚೀಚೆ ಕೂತೆವು.  ಕೆಲಸ ಮುಗಿಸಿ ಏಳುವಾಗ ಕಾರಿನ ಆ ಬದಿಯಿಂದ ಒಂದು ಕೈ ಮೇಲೆ ಬಂದು ಕಿಟಕಿಯ ಅಂಚನ್ನು ಹಿಡಿಯಿತು. ಆಮೇಲೆ ಇನ್ನೊಂದು ಕೈ. ಇಡೀ ಮನುಷ್ಯ ಮೇಲೆ ಬರುವುದಕ್ಕೆ ಬಹಳ ಹೊತ್ತು ಹಿಡಿಯಿತು. ಗಾಜಿನ ಆಚೆ ಅವರ ಮುಖ ನೋವಿಗೆ ಹಿಂಡಿಕೊಂಡಿತ್ತು. ನಾವು ಕೆಲಸ ಮಾಡುವಾಗ ನಾನು ಆ ಕಡೆಯ ಚಕ್ರದ ಹತ್ತಿರ ಹೋಗಿಯೇ ಇರಲಿಲ್ಲ, ಅವರ ಮಂಡಿಯನ್ನೂ ನೋಡಿರಲಿಲ್ಲ.

"ಇನ್ನು ನಂಗೆ ಬಗ್ಗಕ್ಕಾಗಲ್ಲ ಕಣಮ್ಮ" ಎಂದರು. "ನಾನಿಲ್ದೆ ನೀನೊಬ್ಳೇ ಕೆರ್ಕೊಂಡು ಕುಂತಿರ್ತೀಯ. ಬಳಿಸ್ಬುಡು."

ದಸರಾ ರಜೆಯಲ್ಲಿ ಬಳಿಸುವುದೆಂದಾಯಿತು. ನನ್ನ ಗಂಡ, ಮಗಳು ಮುಂಚಿತವಾಗಿ ಬಸ್ಸಿನಲ್ಲಿ ಊರಿಗೆ ಹೋದರು. ನಾನು ಕೆಲಸ ಮುಗಿಸಿಕೊಂಡು ಕಾರಿನಲ್ಲಿ ಹೋಗುವುದು. ಬೆಳಿಗ್ಗೆ ಅಂಗಡಿಗೆ ಹೋದರೆ ಅಲ್ಲಿ ಆಗಲೇ ಮಾವ ಬೆಂಚಿನ ಮೇಲೆ ಕೂತಿದ್ದರು, ಅಮೃತೂರಿನಿಂದ ಮೊದಲ ಬಸ್ಸಿಗೆ ಬಂದು. ಕೆರೆಯೋದನ್ನ ಅಂಗಡಿಯವರ ಕೈಗೆ ಬಿಟ್ಟರೆ ಮೇಲೆಮೇಲೆ ಕೆರೀತಾರೆ ಎನ್ನುವುದು ಅವರ ಕಾರಣ. ಅಂಗಡಿಯವನ ಹತ್ತಿರ ಎರಡು ಬಗೆ ಇತ್ತು. ಒಂದು ಮೇಣದಂಥದ್ದು, ಜೇನಿನ ಬಣ್ಣ, ಒಳಗಿನ ತಗಡು ಕಾಣುತ್ತದೆ, ಆದರೆ ಪ್ರತಿವರ್ಷ ಮತ್ತೆ ಬಳಿಸಬೇಕು. ಇನ್ನೊಂದು ಆ ಕಪ್ಪು. ಕಪ್ಪು ಬಹಳ ಬಾಳುತ್ತದೆ, ಆದರೆ ಒಳಗೆ ತುಕ್ಕು ಉಳಿದಿದ್ದರೆ ಗೊತ್ತೇ ಆಗುವುದಿಲ್ಲ, ಮುಚ್ಚಿಕೊಂಡೇ ತಿನ್ನುತ್ತದೆ. ಇದನ್ನು ಹೇಳಿದವಳು ನಾನು. ಮಾವ ಬಣ್ಣ ಮೆತ್ತಿದ ಒಂದು ತಗಡಿನ ಚೂರನ್ನು ಕೇಳಿ ಪಡೆದು, ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ, ಬಿರುಕು ಬಿಡುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಹಂಗಾದ್ರೆ ಪೂರ್ತಿ ಕೆರೆದು, ಪೂರ್ತಿ ಒಣಗಿಸಿ ಕಪ್ಪು ಹಾಕಿಸಾಣ ಎಂದರು.

ಅಂಗಡಿಯವನಿಗೆ ಆತುರ, ನೀರು ಹೊಡೆದು ಗಾಳಿ ಹಿಡಿದರೆ ಸಾಕು ಎನ್ನುತ್ತಿದ್ದ. ನಾವಿಬ್ಬರೂ ಬಿಡಲಿಲ್ಲ. ಚಕ್ರಗಳನ್ನು ಬಿಚ್ಚಿಸಿ, ಕೀಲೆಣ್ಣೆಯ ಪದರವನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಸಿ, ತುಕ್ಕಿದ್ದ ಕಡೆ ಉಜ್ಜಿಸಿ, ಮಧ್ಯಾಹ್ನದವರೆಗೂ ಬಿಸಿಲಿಗೆ ಬಿಡಿಸಿದೆವು. ಕಾರಿಗೆ ಚಕ್ರ ಇರಲಿಲ್ಲ, ಆಚೀಚೆ ಕೂರುವ ಕೆಲಸವೂ ಇರಲಿಲ್ಲ. ಮಾವ ಬೆಂಚಿನ ಮೇಲೆ, ನಾನು ನಿಂತುಕೊಂಡು. ಅವರು ಬೆಂಚಿನ ಆ ತುದಿಗೆ ಸರಿದು ಈ ತುದಿಯನ್ನು ಖಾಲಿ ಮಾಡಿದರು. ಕಂಡಿತು, ಆದರೆ ಕಾಲು ಮಡಿಯಲಿಲ್ಲ. ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಕಪ್ಪು ಹೊಡೆದು ಮುಗಿದು, ಮುಟ್ಟಿದರೆ ಅಂಟದ ಹಾಗೆ ಆರಿದ ಮೇಲೆ ಚಕ್ರ ಹಾಕಿದರು.

ಅಂಗಡಿ ಕುಣಿಗಲ್ ರಸ್ತೆಯ ಬದಿಯಲ್ಲೇ ಇತ್ತು. ನಾನು ಕಾರು ಹೊರಗೆ ತಂದು ನಿಲ್ಲಿಸುವುದಕ್ಕೂ ಅಮೃತೂರಿನ ಪ್ರೈವೇಟ್ ಬಸ್ಸು ಬರುವುದಕ್ಕೂ ಸರಿಹೋಯಿತು. ಮಾವನನ್ನು ನೋಡಿ ಡ್ರೈವರ್ ತಾನಾಗಿಯೇ ನಿಲ್ಲಿಸಿದ, ಕಂಡಕ್ಟರ್ ಬಾಗಿಲಿನಿಂದ ಜಾಗ ಇದೆ ಬನ್ನಿ ಎಂದ. ನಾನು ಸ್ಟೇರಿಂಗ್ ಹಿಡಿದು ಮುಂದಕ್ಕೆ ನೋಡುತ್ತಾ ಕೂತೆ. ಕರೆಯುವುದನ್ನು ನಾನು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವರು ಬಸ್ಸಿನ ಕಡೆ ಎರಡು ಹೆಜ್ಜೆ ಇಟ್ಟು, ನಿಂತು, ಕಂಡಕ್ಟರಿಗೆ ಹೋಗಪ್ಪ ಎಂದು ಕೈಬೀಸಿದರು. ಬಸ್ಸು ಹೊಗೆ ಬಿಟ್ಟು ಹೋಯಿತು. ನಾನು ಮುಂದಿನ ಬಾಗಿಲಿಗೆ ಕೈ ಚಾಚುವಷ್ಟರಲ್ಲಿ ಅವರು ಹಿಂದಿನ ಬಾಗಿಲನ್ನು ತಾವೇ ತೆಗೆದು, ಪಂಚೆ ಸರಿಮಾಡಿಕೊಂಡು, ನನ್ನ ಬೆನ್ನ ಹಿಂದೆ ಕೂತರು.

ತುಮಕೂರು ದಾಟಿದೆವು. ನನ್ನ ಬೆನ್ನು ಹಲಗೆಯ ಹಾಗೆ ಬಿಗಿದುಕೊಂಡಿತ್ತು. ಮಾವನಿಗೆ ಬೆನ್ನು ಹಾಕಿ ಕೂತಿದ್ದೇನೆ ಎನ್ನುವುದೊಂದೇ ತಲೆಯಲ್ಲಿ, ಗೇರು ಬದಲಾಯಿಸುವುದನ್ನೂ ಮರೆತು ಎಂಜಿನ್ ಅರಚಿಸುತ್ತಿದ್ದೆ. ಹೆಬ್ಬೂರು ಕಳೆದ ಮೇಲೆ ಹಿಂದಿನಿಂದ ದನಿ ಬಂತು. ಕಾರಿನ ಆ ಬದಿಯಿಂದ ಬರುತ್ತಿದ್ದ ದನಿಯೇ.

"ನೀನು ಏನಂದ್ಕೊಂಡಿದ್ಯೋ ಏನೋ. ನಂಗೆ ಬೇರೆ ಏನೂ ಇರ್ಲಿಲ್ಲ ಕಣಮ್ಮ. ನನ್ನ ಕಂಡ್ರೆ ಎಲ್ಲಿದ್ರೂ ಎದ್ದು ನಿಂತ್ಬುಡ್ತೀಯ. ಗಾಡಿ ಹೊಡೀತಿರೋಳು ಹಂಗೆ ಎದ್ಬುಟ್ರೆ ಏನ್ ಗತಿ ಅಂತ ಭಯ."

ನಗು ಬಂತು, ಆದರೆ ಅವರು ನಗುತ್ತಿರಲಿಲ್ಲ. ಎತ್ತಿನ ಗಾಡಿಯಲ್ಲಿ ಹಗ್ಗ ಹಿಡಿದವನು ಯಾರೇ ಬರಲಿ ಕೂತೇ ಇರಬೇಕು, ಅದಕ್ಕೆ ಮರ್ಯಾದೆ ಅಡ್ಡ ಬರುವುದಿಲ್ಲ ಎಂದರು. ನಿನಗೆ ಮಾತ್ರ ಹಾಗೆ ಕೂತೇ ಇರುವುದು ಬರುತ್ತದೋ ಇಲ್ಲವೋ ಎಂದು ನೋಡುತ್ತಿದ್ದೆ, ಏಳಬೇಡ ಅಂತ ಹೇಳಬೇಕಾದವನು ನಾನೇ, ಹೆಂಗೆ ಹೇಳಬೇಕೋ ಗೊತ್ತಾಗಲಿಲ್ಲ ಎಂದರು. ನನ್ನ ಹಟದ ವರ್ಷಗಳೆಲ್ಲ ಒಮ್ಮೆಗೇ ಹಗುರಾದವು, ಅದರ ಜೊತೆಗೇ ದುಃಖವೂ ಆಯಿತು. ಅವರನ್ನು ದೂರ ಇಟ್ಟದ್ದು ನನ್ನ ಅದೇ ಮರ್ಯಾದೆಯ ಕಾಲುಗಳು. ಕುಣಿಗಲ್ ಕೆರೆ ಏರಿಯ ಹತ್ತಿರ ನೀರು ತುಂಬಿದೆ ಎಂದರು, ಹೂಂ ಮಾವಯ್ಯ ತುಂಬಿದೆ ಎಂದೆ. ಆಮೇಲೆ ಅಮೃತೂರಿನವರೆಗೂ ಮಾತು ನಿಲ್ಲಲಿಲ್ಲ.

ಮನೆಯ ಮುಂದೆ ನಿಲ್ಲಿಸಿದಾಗ ಇನ್ನೂ ಬೆಳಕಿತ್ತು. ಜಗುಲಿಯ ಮೇಲೆ ಅತ್ತೆ, ನನ್ನ ಗಂಡ, ಮಗಳು, ಎಲ್ಲರೂ ಇದ್ದರು. ಹಿಂದಿನ ಬಾಗಿಲು ತೆರೆದು ಮಾವ ಇಳಿದದ್ದನ್ನು ನೋಡಿ ಅತ್ತೆ ಮೊರವನ್ನು ಹಾಗೇ ಹಿಡಿದುಕೊಂಡು ಕೂತುಬಿಟ್ಟರು. ಮಾವ ನೇರ ಒಳಗೆ ಹೋಗಲಿಲ್ಲ. ಮಂಡಿ ಹಿಡಿದುಕೊಂಡು ನಿಧಾನವಾಗಿ ಕಾರಿನ ಮುಂಭಾಗ ಸುತ್ತಿ ನನ್ನ ಕಿಟಕಿಯ ಹತ್ತಿರ ಬಂದು ನಿಂತರು. ಕಾರು ನಡುವೆ ಇಲ್ಲದೆ, ಕಂಬ ಇಲ್ಲದೆ, ಮುಖಕ್ಕೆ ಮುಖ. ನನ್ನ ಕೈ ತಾನಾಗಿಯೇ ಬಾಗಿಲ ಹಿಡಿಯ ಕಡೆ ಹೋಯಿತು, ಕಾಲು ಆಗಲೇ ಏಳಲು ಸಿದ್ಧವಾಗಿತ್ತು.

ಅವರು ಅಂಗೈಯನ್ನು ಬಾಗಿಲಿನ ಮೇಲಿಟ್ಟರು. ಒತ್ತಲಿಲ್ಲ, ಸುಮ್ಮನೆ ಇಟ್ಟರು.

"ಕುಂತ್ಕೋ ತಾಯಿ" ಎಂದರು.

ಎಲ್ಲರೂ ನೋಡುತ್ತಿದ್ದರು. ಅವರು ನಿಂತುಕೊಂಡು, ನಾಳೆ ಕೆಸರಲ್ಲಿ ಓಡಿಸಬೇಡ, ಇನ್ನೊಂದು ದಿನ ಆರಲಿ ಎಂದು ಹೇಳುತ್ತಿದ್ದರು. ನಾನು ಕೂತುಕೊಂಡೇ ಕೇಳಿದೆ.